ತಂತಿಗೆ ಸಿಕ್ಕಿಸಿದ ಸರದಿ

ಮಾರ್ಚ್ 3, ಸೋಮವಾರ

ಬೂದು ಕಾರಿನ ಮಹಾನುಭಾವ ಇವತ್ತೂ ಕಾರಿಗೆ ಚಾರ್ಜಿಂಗ್ ಗನ್ ಸಿಕ್ಕಿಸಿ ಸೂಪರ್ ಮಾರ್ಕೆಟ್ಟಿನೊಳಗೆ ಮಾಯವಾದ. ಶೇಕಡಾ ಎಂಬತ್ತಾಯಿತು, ತೊಂಬತ್ತಾಯಿತು, ಆಸಾಮಿಯ ಸುಳಿವಿಲ್ಲ. ಎಂಬತ್ತರವರೆಗೆ ಸರಸರ ಏರುವ ಚಾರ್ಜು ಆಮೇಲೆ ಇರುವೆ ನಡಿಗೆ ಹಿಡಿಯುತ್ತದೆ. ಹಿಂದೆ ಜನ ಕಾಯುತ್ತಿರುವಾಗ ಎಂಬತ್ತಕ್ಕೇ ಗನ್ ಬಿಚ್ಚಿ ಕಾರು ತೆಗೆಯಬೇಕು, ಅದು ಮರ್ಯಾದೆ. ಕೊನೆಗೂ ಬಂದ. ಕೈಯಲ್ಲಿ ಒಂದೇ ಒಂದು ಹಲ್ಲುಜ್ಜುವ ಬ್ರಶ್.

"ಒಂದು ಬ್ರಶ್ ಆರಿಸೋಕೆ ಇಷ್ಟು ಹೊತ್ತಾ ಸಾರ್? ಬಾಯಲ್ಲಿ ಎಷ್ಟು ಹಲ್ಲಿವೆ ನಿಮಗೆ?" ಅಂದೆ.

ಕಾಯುತ್ತಿದ್ದವರೆಲ್ಲ ನಕ್ಕರು. ಅವನು ಮುಖ ಕೆಂಪು ಮಾಡಿಕೊಂಡು ಹೋದ. ನಾಚಿಕೆಯಾಗಬೇಕು ಇಂಥವರಿಗೆ. ಇದ್ದರೆ ತಾನೇ ಆಗುವುದು.

ಎರಡೇ ಎರಡು ಗನ್, ಅದಕ್ಕೆ ಈ ಬಡಾವಣೆಯ ಅಷ್ಟೂ ಕಾರು. ಹೋದ ವರ್ಷ ಇಬ್ಬರು ಸರದಿಗಾಗಿ ಕಾಲರ್ ಹಿಡಿದುಕೊಂಡು ನಿಂತದ್ದನ್ನು ನೋಡಿ ನಾನೇ ಬಟ್ಟೆ ಒಣಹಾಕುವ ತಂತಿ ತಂದು ದೀಪದ ಕಂಬದಿಂದ ಬೇಲಿಗೆ ಕಟ್ಟಿದೆ. ದಿನಾ ಬರುವವರಿಗೆಲ್ಲ ಒಂದೊಂದು ಬಟ್ಟೆ ಕ್ಲಿಪ್ಪು. ಬಂದ ಕೂಡಲೇ ಕ್ಲಿಪ್ಪು ಸಿಕ್ಕಿಸು, ಪಕ್ಕದಲ್ಲಿ ಟೀ ಕುಡಿದು ಬಾ, ನಿನ್ನ ಸರದಿ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನದು ಹಸಿರು. ದನದ ಡಾಕ್ಟರಮ್ಮನದು ನೀಲಿ. ಹೊಸದಾಗಿ ಸೇರಿಕೊಂಡಿರುವ ಬ್ರೆಡ್ಡಿನವನದು ಮರದ್ದು, ಬಣ್ಣವೂ ಬ್ರೆಡ್ಡಿನದೇ. ಅವನಿಗೆ ಇವತ್ತೂ ಹೇಳಬೇಕಾಯಿತು. ಚಾರ್ಜು ಮುಗಿದ ಮೇಲೆ ಕೇಬಲ್ಲನ್ನು ನೆಲದ ಮೇಲೆ ಹಾಗೇ ಬಿಟ್ಟು ಹೋಗುತ್ತಾನೆ. "ಸುತ್ತಿಡ್ಬೇಕಪ್ಪಾ, ಇದೇನು ನಿಮ್ಮನೆ ಹಿತ್ತಲಾ?" ಅಂದೆ. "ಸರಿ ಮೇಡಂ" ಅಂದ. ಅವನಿಗೆ ಬರುವ ಮಾತು ಅದೊಂದೇ ಇರಬೇಕು.

ರೆಫ್ರಿ ಮೇಷ್ಟ್ರು ಹತ್ತಿರ ಬಂದು, "ಮೇಡಂ, ನೀವೊಬ್ರು ಇಲ್ದಿದ್ರೆ ಇಲ್ಲಿ ದಿನಾ ಕುಸ್ತಿ ನಡೀತಿತ್ತು" ಅಂದರು. ಶಾಲೆಯಲ್ಲಿ ಆಟ ಆಡಿಸಿ ನಿವೃತ್ತರಾದವರು, ಅವರಿಗೆ ಸಾಲು ನೆಟ್ಟಗಿಲ್ಲದಿದ್ದರೆ ಉಂಡದ್ದು ಅರಗುವುದಿಲ್ಲ.

ಬುಧವಾರ ನನ್ನ ಹತ್ತಿರ ಡ್ರೈವಿಂಗ್ ಕಲಿಯುವ ಹೊಲಿಗೆಯಮ್ಮನ ಲೈಸೆನ್ಸ್ ಪರೀಕ್ಷೆ, ಮೂರನೇ ಸಲ. ಈ ವಯಸ್ಸಿಗೆ ಕಲಿಯಲು ಹೊರಟ ಧೈರ್ಯಕ್ಕೇ ಪಾಸು ಮಾಡಬೇಕು. ನನ್ನ ಶಿಷ್ಯರು ಫೇಲಾದದ್ದುಂಟು, ಆದರೆ ಪರೀಕ್ಷೆಗೆ ತಡವಾಗಿ ಹೋದದ್ದು ಇಲ್ಲ.

ಮಾರ್ಚ್ 5, ಬುಧವಾರ

ಹೊಲಿಗೆಯಮ್ಮ ಪಾಸು! ಹಿಂದಕ್ಕೆ ತೆಗೆಯುವಾಗ ಕಂಬಗಳ ನಡುವೆ ಕಾರನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ತೂರಿಸಿದಳು. ಇಳಿದು ಬಂದವಳೇ ನನ್ನ ತಬ್ಬಿಕೊಂಡು ಅತ್ತಳು. "ಅಕ್ಕಾ, ಇನ್ಮೇಲೆ ಯಾರ್ನೂ 'ಸ್ವಲ್ಪ ಬಿಡ್ತೀರಾ' ಅಂತ ಕೇಳ್ಬೇಕಾಗಿಲ್ಲ" ಅಂದಳು. ನಾನೂ ಅತ್ತೆ.

ಇನ್ನೊಂದು ವಿಷಯ ಬರೆಯದೆಯೂ ಬಿಡಬಹುದಿತ್ತು. ಆದರೆ ಇಲ್ಲಿ ನೋಡುವವರು ಯಾರಿದ್ದಾರೆ.

ನಿನ್ನೆ ಸಂಜೆ ಚಾರ್ಜಿಗೆ ಹೋಗಬೇಕಿತ್ತು, ಸೋಫಾದ ಮೇಲೆ ಕೂತವಳು ಹಾಗೇ ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಕಾರಿನಲ್ಲಿ ಪರೀಕ್ಷೆಯ ಮೈದಾನ ಮುಟ್ಟುವಷ್ಟೂ ಚಾರ್ಜಿಲ್ಲ. ಸ್ಟೇಷನ್ನಿಗೆ ಓಡಿದೆ. ಎರಡೂ ಗನ್ ಬೇರೆಯವರ ಕಾರಿನಲ್ಲಿದ್ದವು. ತಂತಿಯಲ್ಲಿ ಮೊದಲು ನೀಲಿ, ಆಮೇಲೆ ಮರದ್ದು. ನನ್ನ ಹಸಿರು ಮೂರನೆಯದು. ಎರಡೂ ಇನ್ನೇನು ಮುಗಿಯುವುದರಲ್ಲಿವೆ ಎಂದು ಪರದೆಯ ಮೇಲೆ ಕಾಣುತ್ತಿತ್ತು, ಮೊದಲ ಇಬ್ಬರಿಗೆ ಕೂಡಲೇ ಸಿಗುತ್ತವೆ. ಮೂರನೆಯವಳಾದರೆ ಪರೀಕ್ಷೆ ತಪ್ಪಿದ ಹಾಗೆಯೇ.

ಡಾಕ್ಟರಮ್ಮ ಟೀ ಅಂಗಡಿಯಲ್ಲಿ ಬೆನ್ನು ಮಾಡಿ ಕೂತಿದ್ದರು. ಬ್ರೆಡ್ಡಿನವನು ವ್ಯಾನಿನೊಳಗೆ ಸೀಟಿಗೆ ಒರಗಿ ಕಣ್ಣು ಮುಚ್ಚಿದ ಹಾಗೆ ಕಾಣುತ್ತಿದ್ದ. ನಾನು ನೀಲಿ ಕ್ಲಿಪ್ಪು ತೆಗೆದು ನನ್ನದರ ಹಿಂದಕ್ಕೆ ಸಿಕ್ಕಿಸಿದೆ. ಅಷ್ಟೆ. ಬಟ್ಟೆ ಮಡಚುವುದಕ್ಕಿಂತ ಸುಲಭದ ಕೆಲಸ.

ಮೊದಲು ಬ್ರೆಡ್ಡಿನವನು ಹೋದ, ಆಮೇಲೆ ನಾನು. ಡಾಕ್ಟರಮ್ಮ ಬಂದು ತಂತಿ ನೋಡಿ ಸ್ವಲ್ಪ ಹೊತ್ತು ನಿಂತರು. "ನಾನು ಮೊದಲಿದ್ದೆ ಅಂದ್ಕೊಂಡಿದ್ದೆ" ಅಂದರು. "ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ನೆನಪಿರುತ್ತೆ ಡಾಕ್ಟ್ರೇ" ಅಂದೆ. ನಕ್ಕೆ ಕೂಡ. ಅವರೂ ನಕ್ಕು ತಮ್ಮ ಕಾರಿನಲ್ಲಿ ಹೋಗಿ ಕೂತರು.

ಅವರಿಗೇನೂ ಆತುರ ಇರಲಿಲ್ಲ. ಟೀ ಕುಡಿಯುತ್ತಿದ್ದರು. ನನ್ನದು ಒಬ್ಬ ಹೆಂಗಸಿನ ಜೀವನದ ಪ್ರಶ್ನೆ.

ಮಾರ್ಚ್ 6, ಗುರುವಾರ

ಹೊಲಿಗೆಯಮ್ಮ ಒಂದು ಕುಂಡದಲ್ಲಿ ಹೂವಿನ ಗಿಡ ತಂದುಕೊಟ್ಟಳು. ಕಿಟಕಿಯಲ್ಲಿಟ್ಟಿದ್ದೇನೆ. ಕನ್ನಡಕದ ಅಂಗಡಿ ಮುಚ್ಚಿ ಬಂದ ನಮ್ಮ ಯಜಮಾನರು ಅದನ್ನು ನೋಡಿ, "ಗುರುದಕ್ಷಿಣೆ ಬಂತಾ ಗುರುಗಳೇ?" ಅಂದರು.

ಮಾರ್ಚ್ 8, ಶನಿವಾರ

ಟೀ ಅಂಗಡಿಯ ಅಕ್ಕ ಹೇಳಿದಳು.

ಬುಧವಾರ ಡಾಕ್ಟರಮ್ಮ ಗನ್ ಸಿಕ್ಕಿಸಿದ ಸ್ವಲ್ಪ ಹೊತ್ತಿಗೇ ಗುಡ್ಡದಾಚೆಯ ಹಟ್ಟಿಯೊಂದರಿಂದ ಫೋನ್ ಬಂದಿತ್ತಂತೆ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಕರು ಅಡ್ಡ ತಿರುಗಿದೆ ಎಂದು. ಅರ್ಧ ಕೂಡ ಆಗಿರದ ಚಾರ್ಜನ್ನು ಬಿಚ್ಚಿ ಹೊರಟರಂತೆ. ಕೊನೆಯ ಏರಿನಲ್ಲಿ ಕಾರು ನಿಂತೇ ಹೋಯಿತು. ಚೀಲ ಹೊತ್ತು ಗುಡ್ಡ ಹತ್ತಿದರು. ಹಸು ಉಳಿಯಿತು. ಕರು ಉಳಿಯಲಿಲ್ಲ.

"ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ ಅಂದಳಂತೆ ಆ ಮನೆಯೋಳು. ಡಾಕ್ಟ್ರಮ್ಮ ಇಲ್ಲೇ ಕೂತು ಹೇಳ್ತಾ ಇದ್ರು" ಅಂದಳು ಅಕ್ಕ.

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅರ್ಧ ಟೀ ಹಾಗೇ ಬಿಟ್ಟು ಬಂದೆ.

ಕರು ಹೇಗೂ ಸಾಯುತ್ತಿತ್ತೇನೋ. ಅಡ್ಡ ತಿರುಗಿದ ಕರು ಎಷ್ಟೋ ಸಲ ಉಳಿಯುವುದಿಲ್ಲವಂತೆ. ಯಾರು ಹೇಳಿದರು? ಯಾರೂ ಹೇಳಿಲ್ಲ. ನಾನೇ ಅಂದುಕೊಂಡದ್ದು.

ಮಾರ್ಚ್ 10, ಸೋಮವಾರ

ಇವತ್ತು ನಡೆದದ್ದನ್ನು ಬರೆಯಲು ಕೂತು ಪೆನ್ನು ಮುಚ್ಚಿಟ್ಟು ಎದ್ದು ಹೋಗಿ ಅಡುಗೆಮನೆ ಒರೆಸಿ ಬಂದೆ. ಈಗ ಬರೆಯುತ್ತೇನೆ.

ಮಧ್ಯಾಹ್ನ ಸ್ಟೇಷನ್ನಿಗೆ ಹೋದಾಗ ಎಲ್ಲರೂ ತಂತಿಯ ಹತ್ತಿರ ಗುಂಪುಕಟ್ಟಿದ್ದರು. ನಡುವೆ ರೆಫ್ರಿ ಮೇಷ್ಟ್ರು. ಎದುರಿಗೆ ಬ್ರೆಡ್ಡಿನವನು. ಡಾಕ್ಟರಮ್ಮ ಮತ್ತೆ ಯೋಚನೆ ಮಾಡಿ, ತಮ್ಮ ಕ್ಲಿಪ್ಪು ಮೊದಲಿತ್ತು, ಅದರಲ್ಲಿ ಅನುಮಾನವೇ ಇಲ್ಲ ಅಂದಿದ್ದರು. ಮೇಷ್ಟ್ರು ಲೆಕ್ಕ ಹಾಕಿದ್ದರು: ಯಾರಿಗೆ ಲಾಭ? ನೀಲಿ ಹಿಂದೆ ಹೋದಾಗ ಮೊದಲು ಗನ್ ಸಿಕ್ಕಿದ್ದು ಯಾರಿಗೆ? ಅಷ್ಟು ಹೊತ್ತೂ ತಂತಿಯ ಪಕ್ಕದಲ್ಲೇ ಇದ್ದವರು ಯಾರು?

"ನಾನು ಮುಟ್ಟಿಲ್ಲ ಸಾರ್. ಡಾಕ್ಟ್ರಮ್ಮ ಸರದಿ ಬಿಟ್ಟುಕೊಟ್ರು ಅಂದ್ಕೊಂಡೆ" ಅಂದ ಬ್ರೆಡ್ಡಿನವನು.

"ಕ್ಲಿಪ್ಪಿಗೆ ಕಾಲು ಬಂತಾ ಹಾಗಾದ್ರೆ?"

ಅವನು ನನ್ನ ಕಡೆ ತಿರುಗಿದ. "ಮೇಡಂ ತಂತಿ ಹತ್ರ ಬಂದಿದ್ರು. ಕ್ಲಿಪ್ಪು ತೆಗೆದಿದ್ದು ನೋಡ್ದೆ" ಅಂದ. ಜೋರಾಗಿ ಅಲ್ಲ. ಇದ್ದದ್ದನ್ನು ಇದ್ದ ಹಾಗೆ.

ಎಲ್ಲರೂ ನನ್ನನ್ನು ನೋಡಿದರು. ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಬಾಯಿಂದ ಬಂದದ್ದು ಇದು: "ನಾನು ನನ್ನ ಕ್ಲಿಪ್ಪು ಸರಿಮಾಡ್ಕೊಂಡೆ ಅಷ್ಟೇಪ್ಪಾ."

ಮೇಷ್ಟ್ರು ಸಿಡಿದರು. "ಈ ತಂತಿ ಕಟ್ಟಿದ್ದೇ ಅವರು! ಅವರ ಮೇಲೆ ಹೇಳ್ತೀಯಾ? ನಾಲಿಗೆ ಮೇಲೆ ಹಿಡಿತ ಇರ್ಲಿ." ಮರದ ಕ್ಲಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಇನ್ನು ಮುಂದೆ ಅವನಿಗೆ ಕ್ಲಿಪ್ಪಿಲ್ಲ. ತಂತಿ ಖಾಲಿಯಾದ ಮೇಲೆ, ಯಾರೂ ಇಲ್ಲದಾಗ ಹಾಕಿಕೊಳ್ಳಲಿ. ಎಲ್ಲರೂ ಸರಿ ಅಂದರು. ಬೂದು ಕಾರಿನ ಮಹಾನುಭಾವ ಕೂಡ ಸರಿ ಅಂದ.

ಬ್ರೆಡ್ಡಿನವನು ನನ್ನನ್ನು ಒಂದು ಸಲ ನೋಡಿದ. ಕೋಪದ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. 'ಇವರು ಹೀಗಾ' ಎಂದು ಆಶ್ಚರ್ಯಪಟ್ಟವನ ನೋಟ ಅದು.

ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರಲ್ಲ, ಆ ಬೇಲಿ ನಾನು. ಮೇಯ್ದದ್ದೂ ಅಲ್ಲದೆ ದಾರಿಹೋಕನನ್ನು ತೋರಿಸಿದ್ದೇನೆ.

ಮಾರ್ಚ್ 11, ಮಂಗಳವಾರ

ತಲೆನೋವೆಂದು ಪಾಠ ರದ್ದು ಮಾಡಿದೆ. ತಲೆ ನೋಯುತ್ತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಬ್ರೆಡ್ಡಿನವನ ವ್ಯಾನು ಬೇಲಿಯ ಆಚೆ ಬಿಸಿಲಿನಲ್ಲಿ ನಿಂತಿತ್ತು. ಒಳಗೆ ಬರಲಿಲ್ಲ. ತಂತಿಯ ಮೇಲೆ ಒಂದು ಕ್ಲಿಪ್ಪು ಇಳಿದರೆ ಇನ್ನೊಂದು ಏರುತ್ತಿತ್ತು. ಅವನು ಹಿಂದಿನ ಬಾಗಿಲು ತೆರೆದು ಟ್ರೇಗಳ ಮೇಲಿನ ಬಟ್ಟೆ ಸರಿಮಾಡಿ ಮತ್ತೆ ಮುಚ್ಚಿದ. ಅಂಗಡಿಗಳಿಗೆ ಬ್ರೆಡ್ಡು ಬೆಳಿಗ್ಗೆಯೇ ಮುಟ್ಟಬೇಕು. ಮಧ್ಯಾಹ್ನ ಬಂದ ಬ್ರೆಡ್ಡನ್ನು ಯಾರು ಇಟ್ಟುಕೊಳ್ಳುತ್ತಾರೆ?

ನಾನು ಎಪ್ಪತ್ತಕ್ಕೇ ಗನ್ ಬಿಚ್ಚಿದೆ. ಕೇಬಲ್ಲು ಸುತ್ತಿಟ್ಟೆ. ಪಕ್ಕದವರ ಕೇಬಲ್ಲೂ ನೆಲದಲ್ಲಿತ್ತು, ಅದನ್ನೂ ಸುತ್ತಿಟ್ಟೆ. ಪರದೆಯ ಮೇಲೆ ಧೂಳಿತ್ತು, ಸೆರಗಿನಿಂದ ಒರೆಸಿದೆ. "ನೋಡಿ, ಮೇಡಂ ಅಂದ್ರೆ ಹೀಗಿರ್ಬೇಕು" ಅಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಂದು ಮಾತು ಕೇಳಿದ್ದರೆ ಅವತ್ತು ಡಾಕ್ಟರಮ್ಮ ಸರದಿ ಕೊಟ್ಟುಬಿಡುತ್ತಿದ್ದರು. ಎದ್ದು ನಾಲ್ಕು ಹೆಜ್ಜೆ ಹೋಗಿ, "ಡಾಕ್ಟ್ರೇ, ನಿನ್ನೆ ನಿದ್ದೆ ಹೋಗ್ಬಿಟ್ಟೆ, ನಂದೇ ತಪ್ಪು, ಸ್ವಲ್ಪ ಬಿಡ್ತೀರಾ" ಅನ್ನಬೇಕಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ನಿದ್ದೆ ಹೋದೆ ಅಂತ ಹೇಳುವುದು ಹೇಗೆ? ಕೇಳುವುದಕ್ಕೆ ನಾಚಿಕೆಯಾಯಿತು. ಕದಿಯುವುದಕ್ಕೆ ನಾಚಿಕೆಯಾಗಲಿಲ್ಲ.

ಕದಿಯುವುದು ಅಂತ ಬರೆದಿದ್ದೇನೆ. ಇರಲಿ, ಹೊಡೆದುಹಾಕುವುದಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಒಬ್ಬ ಶಿಷ್ಯನಿಗೆ, "ಮೊದಲು ಕನ್ನಡಿ ನೋಡ್ಕೋ" ಅಂದೆ. ಯಾವತ್ತೂ ಹೇಳುವ ಮಾತೇ. ಹೇಳಿ ನಾನೂ ನೋಡಿದೆ. ಅಲ್ಲಿ ಕಂಡ ಹೆಂಗಸು ನನಗೆ ಹಿಡಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಸುಮ್ಮನೆ, "ನಿಮ್ಮ ಸ್ಟೇಷನ್‌ನಲ್ಲಿ ಏನೋ ಕಳ್ಳನ್ನ ಹಿಡಿದ್ರಂತೆ?" ಅಂದರು. ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಯಾರೋ ಹೇಳಿದರಂತೆ.

"ಯಾರು ಕಳ್ಳ? ನಿಮಗೇನು ಗೊತ್ತು? ಸುಮ್ನೆ ಊಟ ಮಾಡ್ರೀ!" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅವರ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು.

ಅವರು ನನ್ನನ್ನೇ ನೋಡುತ್ತ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಅಂತ ನಗುತ್ತ ಹೇಳಿದವರು ನಗು ನಿಲ್ಲಿಸಿದರು. ಆಮೇಲೆ ಏನೂ ಕೇಳಲಿಲ್ಲ. ಪಾತ್ರೆ ತಾವೇ ತೊಳೆದರು. ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ ಎಂದು ಅವರ ಮೇಲೇ ಕೋಪ ಬಂತು. ನೋಡಿ ನನ್ನ ನ್ಯಾಯ.

ಮಾರ್ಚ್ 19, ಬುಧವಾರ

ಒಂದು ಉಪಾಯ ಹೊಳೆದಿತ್ತು. ಯಾರಿಗೂ ಗೊತ್ತಾಗದ ಹಾಗೆ ಬ್ರೆಡ್ಡಿನವನಿಗೆ ನನ್ನ ಸರದಿ ಕೊಟ್ಟುಬಿಡುವುದು. ದಿನಾ ಬೇಕಾದರೂ ಕೊಡುತ್ತೇನೆ. ನಾನು ಬೇಗ ಬಂದು ಹಸಿರು ಸಿಕ್ಕಿಸಿ ಅವನಿಗೆ ಬಿಟ್ಟುಕೊಟ್ಟರೆ ಅವನ ಬ್ರೆಡ್ಡೂ ಹೊತ್ತಿಗೆ ಮುಟ್ಟುತ್ತದೆ, ನನ್ನ ಮನಸ್ಸೂ ಹಗುರಾಗುತ್ತದೆ.

ಬೇಲಿಯ ಆಚೆ ಹೋಗಿ ವ್ಯಾನಿನ ಕಿಟಕಿ ತಟ್ಟಿದೆ. ಅವನು ಗಾಜು ಇಳಿಸಿದ. ಒಳಗಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ಕ್ಲಿಪ್ಪು ಚಾಚಿ ಹೇಳಿದೆ, "ತಗೋ, ಇವತ್ತು ನನ್ನ ಸರದಿಯಲ್ಲಿ ಹಾಕ್ಕೋ. ನನಗೆ ಆತುರ ಇಲ್ಲ."

ಅವನು ಕ್ಲಿಪ್ಪನ್ನು ನೋಡಿದ. ಮುಟ್ಟಲಿಲ್ಲ.

"ನಿಮ್ಮ ಕ್ಲಿಪ್ಪು ಬೇಡ ಮೇಡಂ. ನನ್ನ ಕ್ಲಿಪ್ಪು ಕೊಡಿಸಿ."

"ಅದು... ಮೇಷ್ಟ್ರ ಹತ್ರ..."

"ಅವರ ಜೇಬಲ್ಲಿರೋದು ನನಗೂ ಗೊತ್ತು" ಅಂದ. "ಮನೇಲಿ ಹೆಂಡ್ತಿ ಕೇಳಿದ್ಲು, ಯಾಕೆ ದಿನಾ ಲೇಟು ಅಂತ. ನಡೆದಿದ್ದು ಹೇಳ್ದೆ. 'ನಿಜ ಹೇಳಿ, ನೀವು ಮುಟ್ಲಿಲ್ವಾ' ಅಂದ್ಲು. ಹೆಂಡ್ತೀನೇ ಹಾಗೆ ಕೇಳಿದ್ಮೇಲೆ ಇನ್ನು ಯಾರಿಗೆ ಹೇಳ್ಲಿ?" ಅಂದ.

ಗಾಜು ಏರಿಸಿದ. ನಾನು ಕ್ಲಿಪ್ಪು ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ. ದಾರಿಯಲ್ಲಿ ಹೋಗುವವರು ಹುಚ್ಚಿ ಅಂದುಕೊಂಡಿರಬೇಕು.

ಮಾರ್ಚ್ 20, ಗುರುವಾರ

ಕಿಟಕಿಯ ಗಿಡ ಮೊಗ್ಗು ಬಿಟ್ಟಿದೆ. ಪರದೆ ಎಳೆದೆ.

ಮಾರ್ಚ್ 22, ಶನಿವಾರ

ಹೊಲಿಗೆಯಮ್ಮ ಹಳೆಯ ಕಾರೊಂದನ್ನು ಕೊಂಡು, ಓಡಿಸಿಕೊಂಡು ಬಂದು ನಮ್ಮ ಮನೆ ಮುಂದೆ ಹಾರ್ನ್ ಹೊಡೆದಳು. ಇಳಿದು ಹೋಗಿ ನೋಡಿದೆ. ಕನ್ನಡಿ, ಸಿಗ್ನಲ್ಲು, ಎಲ್ಲ ನಾನು ಹೇಳಿಕೊಟ್ಟ ಹಾಗೆಯೇ.

"ಅವತ್ತು ನಿಮ್ಮ ಕಾರು ಹೊತ್ತಿಗೆ ಬರ್ದಿದ್ರೆ ನಾನು ಇನ್ನೊಂದು ಸಲ ಬರ್ತಾನೇ ಇರ್ಲಿಲ್ಲ ಅಕ್ಕಾ. ಸಾಕು ಅಂತ ಬಿಟ್ಟುಬಿಡ್ತಿದ್ದೆ" ಅಂದಳು.

ಇವಳ ಸಂತೋಷವನ್ನು ನಾನು ಹೇಗೆ ಕೆಡಿಸಲಿ? ಇವಳ ಸಂತೋಷಕ್ಕೆ ಅವನು ಯಾಕೆ ಬಿಸಿಲಲ್ಲಿ ನಿಲ್ಲಬೇಕು? ಈ ಎರಡೂ ಪ್ರಶ್ನೆಗಳನ್ನು ಹಿಡಿದುಕೊಂಡು ಸಂಜೆಯೆಲ್ಲ ಮನೆಯೊಳಗೆ ತಿರುಗಿದೆ. ಕೊನೆಗೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನನಗೆ ಹೇಳಿ ಏನು ಪ್ರಯೋಜನ? ನಾನೇನು ಆ ಬ್ರೆಡ್ಡಿನವನ ಹೆಂಡ್ತಿನಾ?" ಅಂದರು.

ಮಾರ್ಚ್ 24, ಸೋಮವಾರ

ಹೇಳಿದೆ.

ಎಲ್ಲರೂ ಇರುವ ಹೊತ್ತು ನೋಡಿಕೊಂಡೇ ಹೋದೆ. ಮನೆಯಿಂದ ಒಂದು ಭಾಷಣವನ್ನೇ ತಯಾರಿಸಿಕೊಂಡು ಹೋಗಿದ್ದೆ. ಹೊಲಿಗೆಯಮ್ಮನ ಪರೀಕ್ಷೆ, ನನ್ನ ನಿದ್ದೆ, ಆತುರ, ಎಲ್ಲ ಒಂದಾದ ಮೇಲೊಂದು ಬರುವ ಹಾಗೆ. ತಂತಿಯ ಹತ್ತಿರ ನಿಂತ ಮೇಲೆ ಅದೆಲ್ಲ ಎಲ್ಲಿ ಹೋಯಿತೋ. "ನೀಲಿ ಕ್ಲಿಪ್ಪು ಹಿಂದೆ ಹಾಕಿದ್ದು ನಾನು. ಇವನಲ್ಲ. ಇವನು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು" ಅಂದೆ. ಅಷ್ಟೇ ಬಂತು.

ಬೂದು ಕಾರಿನವರು ನನ್ನನ್ನು ನೋಡಿದರು. ಹಲ್ಲಿನ ಲೆಕ್ಕ ಕೇಳಲು ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಕೇಳಲಿಲ್ಲ, ಮುಖ ತಿರುಗಿಸಿಕೊಂಡರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ನನ್ನ ಕೈಲಿ ಎಂಥ ಕೆಲಸ ಮಾಡಿಸಿಬಿಟ್ರಿ ಮೇಡಂ" ಅಂದರು. "ನಲವತ್ತು ವರ್ಷ ಮಕ್ಕಳ ಆಟಕ್ಕೆ ತೀರ್ಪು ಕೊಟ್ಟಿದ್ದೀನಿ. ತಪ್ಪಾಗಿದೆ, ಆದ್ರೆ ಹೀಗೆ ಆಗಿರ್ಲಿಲ್ಲ." ಜೇಬಿನಿಂದ ಮರದ ಕ್ಲಿಪ್ಪು ತೆಗೆದು ಎರಡೂ ಕೈಯಲ್ಲಿ ಹಿಡಿದು ಬ್ರೆಡ್ಡಿನವನಿಗೆ ಕೊಟ್ಟರು. ಅವನು ತೆಗೆದುಕೊಂಡು, ಅಂಗಿಗೆ ಒಂದು ಸಲ ಒರೆಸಿ, ತಂತಿಯ ಕೊನೆಗೆ ಸಿಕ್ಕಿಸಿದ. ಮುಂದೆ ಹಾಕಿಕೋ ಅಂತ ಮೂರು ಜನ ಹೇಳಿದರು. "ನಾನು ಬಂದಿದ್ದು ಕೊನೇಲಿ" ಅಂದ.

ಡಾಕ್ಟರಮ್ಮ ತಮ್ಮ ನೀಲಿ ಕ್ಲಿಪ್ಪನ್ನು ತಂತಿಯಿಂದ ತೆಗೆದುಕೊಂಡರು. ಬೈಯಲಿ ಎಂದು ಕಾದೆ. ಕೆನ್ನೆಗೆ ಹೊಡೆದಿದ್ದರೂ ಉಪಕಾರವೇ ಆಗುತ್ತಿತ್ತು.

"ಕೇಳ್ಬಹುದಿತ್ತಲ್ಲಾ" ಅಂದರು. "ನಾನು ಅಲ್ಲೇ ಟೀ ಕುಡೀತಿದ್ದೆ. ಕೇಳ್ಬಹುದಿತ್ತಲ್ಲಾ."

ಕಾರು ಹತ್ತಿ ಚಾರ್ಜು ಹಾಕಿಕೊಳ್ಳದೆಯೇ ಹೊರಟುಹೋದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನದು ಬಟ್ಟೆ ಕ್ಲಿಪ್ಪಿಗೆ ಹೋಯಿತು.

ಮೇಷ್ಟ್ರು ನನ್ನ ಹಸಿರು ಕ್ಲಿಪ್ಪಿಗೆ ಕೈ ಚಾಚಿದರು, ನನ್ನ ಮುಖ ನೋಡದೆ. "ಬ್ರೆಡ್ಡಿನವರಿಗೆ ಏನು ಮಾಡಿದ್ವೋ ನಿಮಗೂ ಅದೇ" ಅಂದರು. ಕೊಟ್ಟೆ.

ಮಾರ್ಚ್ 25, ಮಂಗಳವಾರ

ಹೇಳಿಬಿಟ್ಟರೆ ಹಗುರಾಗುತ್ತದೆ ಅನ್ನುತ್ತಾರೆ. ಇಲ್ಲ.

ಹೊಲಿಗೆಯಮ್ಮನಿಗೂ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು. ಆಮೇಲೆ, "ಗಿಡ ವಾಪಸ್ ಕೊಡ್ಬೇಡಿ ಅಕ್ಕಾ. ನೀರು ಹಾಕಿ" ಅಂದಳು. ಪರದೆ ಸರಿಸಿ ನೀರು ಹಾಕಿದೆ.

ಏಪ್ರಿಲ್ 2, ಬುಧವಾರ

ಟೀ ಅಂಗಡಿಯ ಅಕ್ಕ ನನ್ನ ಮೇಲೆ ಕೋಪಗೊಂಡಿದ್ದಾಳೆ. ಅವಳ ಕೋಪ ಬೇರೆಯೇ ಥರದ್ದು. "ನಿಮ್ಮಿಂದ ನನ್ನ ವ್ಯಾಪಾರ ಹಾಳು" ಅಂದಳು. ನಿಜ. ಈಗ ಯಾರೂ ಕ್ಲಿಪ್ಪು ಸಿಕ್ಕಿಸಿ ಟೀಗೆ ಹೋಗುವುದಿಲ್ಲ. ಎಲ್ಲರೂ ಕಾರಿನೊಳಗೆ ಕೂತು ತಂತಿಯನ್ನು ನೋಡುತ್ತಿರುತ್ತಾರೆ. ಡಾಕ್ಟರಮ್ಮ ನೀಲಿ ಕ್ಲಿಪ್ಪನ್ನು ಸಿಕ್ಕಿಸಿ ಅದರ ಪಕ್ಕದಲ್ಲೇ ನಿಂತುಕೊಳ್ಳುತ್ತಾರೆ. ನಾನು ನಮಸ್ಕಾರ ಅಂದರೆ ತಲೆಯಾಡಿಸುತ್ತಾರೆ, ಅಷ್ಟೆ. ಅದಕ್ಕಿಂತ ಹೆಚ್ಚು ಕೇಳಲು ನನಗೆ ಬಾಯಿಲ್ಲ.

ನಾನು ಬೇಲಿಯ ಆಚೆ ನಿಲ್ಲುತ್ತೇನೆ. ಬ್ರೆಡ್ಡಿನವರ ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ನೆರಳೇ ಇಲ್ಲ. ಮಧ್ಯಾಹ್ನ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಅವರು ಇಷ್ಟು ದಿನ ಇಲ್ಲಿ ಹೇಗೆ ನಿಂತರೋ.

ಏಪ್ರಿಲ್ 9, ಬುಧವಾರ

ನಿನ್ನೆ ಸಂಜೆ ಸರದಿ ಸಿಗಲೇ ಇಲ್ಲ, ಇವತ್ತು ಬೆಳಿಗ್ಗೆ ನನ್ನ ಇನ್ನೊಬ್ಬ ಶಿಷ್ಯ, ಬ್ಯಾಂಕಿನ ಕಾವಲುಗಾರನ ಪರೀಕ್ಷೆ. ಸ್ಟೇಷನ್ನಿಗೆ ಹೋದಾಗ ಎರಡೂ ಗನ್ ಬೇರೆಯವರ ಕಾರಿನಲ್ಲಿದ್ದವು. ಒಂದು ಮುಗಿಯುವುದರಲ್ಲಿತ್ತು. ಬ್ರೆಡ್ಡಿನವರು ಆಗ ತಾನೇ ವ್ಯಾನಿನಿಂದ ಇಳಿಯುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ಹತ್ತಿರ ಹೋಗಿ ಕೇಳಿದೆ. "ಒಬ್ಬನ ಪರೀಕ್ಷೆ ಇದೆ. ಸ್ವಲ್ಪ ನನಗೆ ಬಿಡ್ತೀರಾ?"

ಅವರು ಗಡಿಯಾರ ನೋಡಿದರು, ವ್ಯಾನಿನ ಕಡೆ ನೋಡಿದರು. "ಆಗಲ್ಲ ಮೇಡಂ. ಶಾಲೆಗೆ ಬ್ರೆಡ್ಡು ಹೋಗ್ಬೇಕು, ಮಕ್ಕಳು ಕಾಯ್ತಿರ್ತಾರೆ."

"ಆಯ್ತು" ಅಂದೆ.

ಕಾವಲುಗಾರನಿಗೆ ಫೋನ್ ಮಾಡಿ, "ಬರೋಕೆ ಲೇಟಾಗುತ್ತೆ, ತಪ್ಪು ನಂದೇ, ಇವತ್ತು ಆಗ್ದಿದ್ರೆ ಇನ್ನೊಂದು ದಿನ ಹಾಕಿಸ್ತೀನಿ" ಅಂದೆ. ಪರೀಕ್ಷೆಯ ಕಚೇರಿಗೂ ಹೇಳಿದೆ. ಅವರು ಶುಕ್ರವಾರ ಬನ್ನಿ ಅಂದರು.

ಅಷ್ಟರಲ್ಲಿ ಬ್ರೆಡ್ಡಿನವರು ಮರದ ಕ್ಲಿಪ್ಪನ್ನು ತಂತಿಗೆ ಸಿಕ್ಕಿಸಿದರು. ವ್ಯಾನಿಗೆ ಹೋಗಿ ಕೂರುತ್ತಾರೆ ಅಂದುಕೊಂಡೆ. ಕೂರಲಿಲ್ಲ. ತಿರುಗಿಯೂ ನೋಡದೆ ಟೀ ಅಂಗಡಿಗೆ ಹೋದರು. ಅಕ್ಕ ಒಳಗಿಂದ, "ಅಬ್ಬಾ, ಒಬ್ರಾದ್ರೂ ಬಂದ್ರಲ್ಲಾ!" ಅಂದದ್ದು ಕೇಳಿಸಿತು.

ತಂತಿಯ ಹತ್ತಿರ ನಾನೊಬ್ಬಳೇ. ಗಾಳಿ ಎದ್ದಿತ್ತು. ಎಲ್ಲಿ ನೋಡಲಿ ಎಂದು ತಿಳಿಯದೆ ನನ್ನ ಚಪ್ಪಲಿ ನೋಡಿಕೊಂಡು ನಿಂತೆ. ಇನ್ನೊಂದು ಕಾರು ಬಂತು, ಬೂದು ಕಾರಿನವರದು. ಅವರು ಹಳದಿ ಕ್ಲಿಪ್ಪು ಸಿಕ್ಕಿಸಿ ಕಾರಿನಲ್ಲೇ ಕೂತು ಫೋನ್ ಹಿಡಿದರು. ಆಮೇಲೆ ಒಂದು ಜೋರು ಗಾಳಿಗೆ ತಂತಿ ತೂಗಾಡಿ ಮರದ ಕ್ಲಿಪ್ಪು ಕೆಳಗೆ ಬಿತ್ತು. ನನ್ನ ಕಾಲ ಹತ್ತಿರವೇ.

ನಾನು ಮುಟ್ಟಲಿಲ್ಲ. ಟೀ ಅಂಗಡಿಯ ಬಾಗಿಲಿಗೆ ಹೋದೆ.

"ನಿಮ್ಮ ಕ್ಲಿಪ್ಪು ಬಿದ್ದುಹೋಯ್ತು" ಅಂದೆ.

ಬ್ರೆಡ್ಡಿನವರು ಲೋಟದಿಂದ ಮುಖ ಎತ್ತಲಿಲ್ಲ. ಟೀ ಊದುತ್ತಲೇ ಹೇಳಿದರು, "ಎತ್ತಿ ಹಾಕಿ ಮೇಡಂ."

ವಾಪಸ್ ಬಂದು ಎತ್ತಿದೆ. ಮಣ್ಣಾಗಿತ್ತು, ಒರೆಸಿದೆ. ಹಳದಿಯ ಮುಂದೆ, ಅದು ಎಲ್ಲಿತ್ತೋ ಅಲ್ಲೇ ಸಿಕ್ಕಿಸಿದೆ. ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿ, ಬೇಲಿಯ ಆಚೆ ಹೋಗಿ ನಿಂತೆ.